ತೋಳಿಲ್ಲದ ಸ್ವೆಟರ್

ಹೊಸಪೇಟೆಯ ಬಿಸಿಲಿನಲ್ಲಿ ಸ್ವೆಟರ್ ಹಿಡಿದುಕೊಂಡು ಬರುವ ಗಂಡಸನ್ನು ಸ್ಫೂರ್ತಿ ನೋಡಿದ್ದು ಅದೇ ಮೊದಲು. ಅದೂ ಏಪ್ರಿಲ್ ತಿಂಗಳಲ್ಲಿ, ನಡುಮಧ್ಯಾಹ್ನ ಹನ್ನೆರಡಕ್ಕೆ.

"ಇಲ್ಲಿ ಅರ್ಧಕ್ಕ ಬಿಟ್ಟಿದ್ದು ಮುಗಿಸಿ ಕೊಡ್ತೀರಂತಲ್ರಿ?" ಅವನು ಬಾಗಿಲಲ್ಲೇ ನಿಂತು ಕೇಳಿದ.

"ಏನು ಅರ್ಧಕ್ಕ ಬಿಟ್ಟೀರಿ ಅನ್ನೋದರ ಮ್ಯಾಲ ಐತ್ರಿ," ಎಂದಳು ಸ್ಫೂರ್ತಿ.

ಹಾಗೆ ಹೇಳುವುದಕ್ಕೆ ಅವಳಿಗೆ ಕಾರಣವಿತ್ತು. ಸಂಡೂರಿನ ಆಫೀಸೊಂದಕ್ಕೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಮೈಕೈ ಹಣ್ಣಾದ ಮೇಲೆ, ಕೆಲಸ ಬಿಟ್ಟು, ಟಿ.ಬಿ. ಡ್ಯಾಂ ರಸ್ತೆಯ ತಮ್ಮ ಮನೆಯ ಮುಂದಿನ ಕೋಣೆಗೆ ಅವಳೊಂದು ಬೋರ್ಡು ಹಾಕಿದ್ದಳು: 'ಅರ್ಧಕ್ಕೆ ಬಿಟ್ಟ ಕೈಕೆಲಸ ತನ್ನಿ, ಮುಗಿಸಿ ಕೊಡುತ್ತೇವೆ.' ಬೋರ್ಡು ಹಾಕಿದ ಮೊದಲ ವಾರವೇ ಒಬ್ಬ ಹಿರಿಯರು ಬಂದು, ಮಗನ ಡಿಪ್ಲೊಮಾ ಅರ್ಧಕ್ಕೆ ನಿಂತಿದೆ, ಅದನ್ನೂ ಮುಗಿಸುತ್ತೀರೇನಮ್ಮ ಎಂದು ಕೇಳಿ, ತಾವೇ ನಕ್ಕು, ನೀರು ಕುಡಿದು ಹೋಗಿದ್ದರು.

ಆಮೇಲೆ ಬಂದವೆಲ್ಲ ನಿಜವಾದ ಅರ್ಧಗಳೇ. ಕೊಕ್ಕಿಲ್ಲದ ಗಿಳಿಯ ಕಸೂತಿ. ಇಂಗ್ಲಿಷಿನಲ್ಲಿ ವೆಲ್‌ಕಮ್ ಎಂದು ಶುರುವಾಗಿ ನಾಲ್ಕನೇ ಅಕ್ಷರಕ್ಕೇ ಸುಸ್ತಾದ ಕ್ರಾಸ್ ಸ್ಟಿಚ್. ಮನೆಯ ಟಿ.ವಿ.ಯೇ ಹೋಗಿ ಗೋಡೆಗೆ ಅಂಟುವ ಹೊಸದು ಬಂದರೂ ಮುಗಿಯದೆ ಉಳಿದ ಕ್ರೋಶಾ ಟಿ.ವಿ. ಕವರ್. ಒಬ್ಬಾಕೆಯಂತೂ ಮಗುವಿನ ಕುಲಾವಿ ತಂದಿದ್ದಳು. ಆ ಮಗು ಈಗ ಶೇವಿಂಗ್ ಮಾಡಿಕೊಳ್ಳುತ್ತಿತ್ತು. ಯಾಕೆ ಬಿಟ್ಟಿರಿ ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ. ಮದುವೆ ಆಯಿತು, ಬಾಣಂತನ ಬಂತು, ಕನ್ನಡಕ ಬಂತು. ಕೇಳುತ್ತಾ ಕೂತರೆ ಸ್ಫೂರ್ತಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಈ ಗಂಡಸು ಚೀಲದಿಂದ ಸ್ವೆಟರ್ ತೆಗೆದು ಮೇಜಿನ ಮೇಲೆ ಹರಡಿದ. ನವಿಲು ಬಣ್ಣದ ಉಲ್ಲನ್. ಮುಂಭಾಗ, ಹಿಂಭಾಗ ಅಚ್ಚುಕಟ್ಟಾಗಿ ಮುಗಿದಿದ್ದವು. ಒಂದು ತೋಳು ನಾಲ್ಕು ಬೆರಳಷ್ಟು ಬೆಳೆದು ಕಡ್ಡಿಯ ಮೇಲೆಯೇ ನಿಂತಿತ್ತು. ಇನ್ನೊಂದು ಶುರುವೇ ಆಗಿರಲಿಲ್ಲ. ಅಳತೆ ನೋಡಿದರೆ ಹೆಣ್ಣುಮಕ್ಕಳದು.

"ಭಾಳ ಚೊಲೋ ಹೆಣದಾರ್ರಿ. ಯಾರು ಹೆಣದದ್ದು?"

"ಹೆಣದವ್ರಿಗೆ ಮುಂದ ಆಗವಲ್ದು," ಎಂದ ಅವನು.

"ಯಾರಿಗೆ ಇದು?"

"ಬೇಕಾದವ್ರಿಗೆ."

ಹೇಳಿದವನ ಕಿವಿ ಕೆಂಪಗಾಯಿತು. ಸ್ಫೂರ್ತಿಗೆ ಒಳಗೊಳಗೇ ನಗು.

"ತೋಳಿನ ಅಳತಿ ಹೇಳ್ರಿ ಮತ್ತ."

ಅವನು ಅವಳ ತೋಳನ್ನು ಅರೆಗಳಿಗೆ ನೋಡಿ, ತಕ್ಷಣ ಕಣ್ಣು ಕಿತ್ತು ಫ್ಯಾನಿನ ಕಡೆ ನೋಡಿದ. "ಅಂದಾಜು... ನಿಮ್ಮಷ್ಟೇ ಇರಬೋದ್ರಿ."

ಅಲ್ಲಿಗೆ ಸ್ಫೂರ್ತಿ ಲೆಕ್ಕ ಹಾಕಿ ಮುಗಿಸಿದಳು. ಮದುವೆ ಗೊತ್ತಾದ ಹುಡುಗಿ ಒಬ್ಬಳಿದ್ದಾಳೆ. ಆಕೆ ತನಗೆಂದು ಹೆಣೆಯಲು ಕೂತು ಅರ್ಧಕ್ಕೆ ಬಿಟ್ಟಿದ್ದಾಳೆ. ಈ ಮಹಾಶಯ ಅದನ್ನು ಗುಟ್ಟಾಗಿ ಪೂರ್ತಿ ಮಾಡಿಸಿ ಕೊಟ್ಟು ಮೆಚ್ಚಿಸಬೇಕೆಂದಿದ್ದಾನೆ. ಅದೃಷ್ಟವಂತೆ, ಅಂದುಕೊಂಡಳು. ಪುಸ್ತಕದಲ್ಲಿ ಹೆಸರು ಬರೆದುಕೊಂಡಳು: ಹಾಲೇಶ್, ರೈಸ್ ಮಿಲ್, ಕಂಪ್ಲಿ.

"ಆಗೇತೇನ್ರಿ?" ಎನ್ನುತ್ತಾ ಹಾಲೇಶ್ ಮುಂದಿನ ಶನಿವಾರ ಬಂದ. ಅದರ ಮುಂದಿನ ಶನಿವಾರವೂ ಬಂದ. ಮಿಲ್ಲಿನ ಕೆಲಸಕ್ಕೆ ಹೊಸಪೇಟೆಗೆ ಹೇಗೂ ಬರುತ್ತೇನಲ್ಲ ಎನ್ನುವುದು ಅವನ ನೆಪ. ಎರಡನೇ ಸಲ ಬಂದಾಗ ಕೈಯಲ್ಲಿ ಬಿಸಿ ಮಿರ್ಚಿ, ಮಂಡಕ್ಕಿಯ ಪೊಟ್ಟಣ.

"ಎಣ್ಣಿ ಕೈಲೇ ದಾರ ಮುಟ್ಟಿದ್ರ ಹೊರಗ ಹಾಕ್ತೀನಿ ನೋಡ್ರಿ," ಎಂದು ಸ್ಫೂರ್ತಿ ಗದರಿದಳು.

"ಹೊರಗ ಕುಂತೇ ತಿನ್ನೋಣ ಬರ್ರಿ," ಎಂದ ಹಾಲೇಶ್.

ಬಾಗಿಲ ಮೆಟ್ಟಿಲ ಮೇಲೆ, ನಡುವೆ ಮಂಡಕ್ಕಿ ಇಟ್ಟುಕೊಂಡು ಇಬ್ಬರೂ ತಿಂದರು. ಮೆಣಸಿನಕಾಯಿ ಖಾರ ನೆತ್ತಿಗೇರಿ ಅವಳ ಕಣ್ಣಲ್ಲಿ ನೀರು ಬಂತು. ಅವನು ನೀರಿನ ಬಾಟಲಿ ಮುಚ್ಚಳ ತೆಗೆದು ಮುಂದೆ ಹಿಡಿದ. ಕುಡಿಯುವಾಗ ಅವಳು ಓರೆಗಣ್ಣಲ್ಲಿ ನೋಡಿದಳು. ಅವನು ನಗು ಬಾರದಂತೆ ತುಟಿ ಬಿಗಿಹಿಡಿದು ರಸ್ತೆಯ ಮೇಲೆ ಹೋಗುವ ಸಂಡೂರಿನ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ನಗ್ರಿ, ನಗ್ರಿ. ತಡಕೊಂಡ್ರ ಹೊಟ್ಟಿನೋವು ಬರ್ತೈತಿ," ಎಂದಳು. ಅವನು ನಕ್ಕೇ ಬಿಟ್ಟ. ಆ ನಗು ಅವಳಿಗೆ ಇಡೀ ವಾರ ನೆನಪಾಯಿತು.

ಬಂದವನು ಸುಮ್ಮನೆ ಕೂರುತ್ತಿರಲಿಲ್ಲ. ಉಲ್ಲನ್ ಉಂಡೆ ಸುತ್ತಿಕೊಡುತ್ತಿದ್ದ. ಒಮ್ಮೆ ಅವಳು ಹೆಣೆಯುತ್ತಿದ್ದ ಕುಲಾವಿಯ ಕಡೆ ಬಗ್ಗಿ, "ಮೂರನೇ ಸಾಲಿನಾಗ ಒಂದು ಕುಣಿಕಿ ಜಾರೈತಿ ನೋಡ್ರಿ," ಎಂದ. ನೋಡಿದರೆ ಜಾರಿತ್ತು. ರೈಸ್ ಮಿಲ್ಲಿನವರಿಗೆ ಇಷ್ಟು ಕಣ್ಣು ಹೇಗೆ ಎಂದು ಅವಳು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವನು ಬಗ್ಗಿದಾಗ ಅಂಗಿಯಿಂದ ಬಂದ ಹೊಸ ಅಕ್ಕಿಯ ವಾಸನೆಯ ಮೇಲೆಯೇ ಅವಳ ಗಮನವೆಲ್ಲ ಇತ್ತು.

ಸ್ವೆಟರ್ ಮಾತ್ರ ಮೇಜಿನ ಖಾನೆಯಲ್ಲಿ ಹಾಗೇ ಇತ್ತು. ಕೇಳಿದಾಗಲೆಲ್ಲ, "ಕೆಲಸ ಭಾಳ ಐತ್ರಿ, ಮುಂದಿನ ವಾರ," ಎನ್ನುತ್ತಿದ್ದಳು. ಅವನೂ, "ಅವಸರ ಏನಿಲ್ರಿ," ಎಂದು ಖುಷಿಯಿಂದಲೇ ಒಪ್ಪುತ್ತಿದ್ದ. ಸ್ವೆಟರ್ ಮುಗಿದರೆ ಶನಿವಾರಗಳೂ ಮುಗಿಯುತ್ತವೆ. ಮುಗಿಸುವುದನ್ನೇ ಕಸುಬು ಮಾಡಿಕೊಂಡವಳ ಕೈ ಈ ಒಂದಕ್ಕೆ ಮಾತ್ರ ಏಳುತ್ತಿರಲಿಲ್ಲ.

ಅವಳಿಗೆ ಹಾಲೇಶ್ ಬೇಕಾಗಿದ್ದ. ಸುತ್ತಿ ಬಳಸಿ ಹೇಳುವಂಥದ್ದೇನೂ ಅದರಲ್ಲಿ ಇಲ್ಲ. ಆದರೆ ಅವನಿಗೆ 'ಬೇಕಾದವರು' ಬೇರೆ ಇದ್ದರು, ನವಿಲು ಬಣ್ಣದಲ್ಲಿ ಅಚ್ಚುಕಟ್ಟಾಗಿ ಹೆಣೆಯುವವರು.

ಅಷ್ಟರಲ್ಲಿ ಸಂಡೂರಿನ ಸಂಬಂಧ ಬಂತು. ಹುಡುಗ ಗಣಿ ಕಂಪನಿಯಲ್ಲಿ ಇಂಜಿನಿಯರ್. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನೇ; ತಪ್ಪು ಹುಡುಕಲು ಸ್ಫೂರ್ತಿ ಸಾಕಷ್ಟು ಪ್ರಯತ್ನಪಟ್ಟು ಸೋತಿದ್ದಳು.

"ಶನಿವಾರ ಮಧ್ಯಾಹ್ನ ಅವ್ರು ಫೋನ್ ಮಾಡ್ತಾರವ್ವ," ಎಂದರು ತಾಯಿ ಪಂಪಮ್ಮ. "ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ. ನೀ ಏನೂ ಅನ್ನಲಿಲ್ಲ ಅಂದ್ರ ನಾ ಹೂಂ ಅಂದುಬಿಡ್ತೀನಿ ನೋಡು."

"ಶನಿವಾರ ಹೇಳ್ತೀನಮ್ಮ," ಎಂದಳು. ಬೇರೆಯವರ ಗಂಡನಾಗುವವನಿಗೆ ಕಾಯುತ್ತಾ ಕೂರುವಷ್ಟು ದಡ್ಡಿ ತಾನಲ್ಲ ಎಂದು ತನಗೇ ಹೇಳಿಕೊಂಡಳು. ಆ ಸ್ವೆಟರನ್ನು ಮುಗಿಸಿ ಅವನ ಕೈಗಿಟ್ಟು, ಸಂಡೂರಿಗೆ ಹೂಂ ಅಂದರೆ ಆಯಿತು.

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ, ಗಟ್ಟಿ ಮನಸ್ಸು ಮಾಡಿ, ಖಾನೆಯಿಂದ ಸ್ವೆಟರ್ ತೆಗೆದಳು.

ತೋಳು ಸಾಲಿನ ನಡುವೆಯೇ ನಿಂತಿತ್ತು. ಕಡ್ಡಿ ಹಿಡಿದು ಮುಂದುವರಿಸಲು ಹೋದರೆ ದಾರ ಇರಬೇಕಾದ ಕಡೆ ಇರಲೇ ಇಲ್ಲ. ಕುಣಿಕೆಗಳೂ ತಿರುಗುಮುರುಗು ಕೂತಿದ್ದವು. ತಿರುಗಿಸಿ ನೋಡಿದಳು, ಮಗುಚಿ ನೋಡಿದಳು. ಆಮೇಲೆ ಹೊಳೆಯಿತು. ಎಲ್ಲರೂ ಬಲದಿಂದ ಎಡಕ್ಕೆ ಹೆಣೆಯುತ್ತಾ ಹೋದರೆ, ಇದನ್ನು ಹೆಣೆದವರು ಎಡದಿಂದ ಬಲಕ್ಕೆ ಹೋಗಿದ್ದರು.

ಎಡಗೈಯವಳು. ಹಾಲೇಶನ ಹುಡುಗಿ ಎಡಗೈಯವಳು. ಇಷ್ಟು ದಿನ ಮುಖವಿಲ್ಲದ ಆಕೆಗೆ ಈಗ ಒಂದು ಕೈ ಬಂದಂತಾಗಿ, ಸ್ಫೂರ್ತಿಗೆ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಸಂಜೆಯವರೆಗೆ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಶನಿವಾರ ಹನ್ನೊಂದೂವರೆಗೆ ಹಾಲೇಶ್ ಬಂದ. ಸ್ಫೂರ್ತಿ ಕುಂದ್ರಿ ಎನ್ನಲಿಲ್ಲ. ಅವನು ಬಲಗೈಯಲ್ಲಿ ಮುಂದೆ ಚಾಚಿದ ಪೊಟ್ಟಣವನ್ನು ತೆಗೆದುಕೊಳ್ಳಲಿಲ್ಲ.

"ಈ ಸ್ವೆಟರ್ ನನ್ನ ಕೈಲಿ ಆಗಂಗಿಲ್ರಿ. ಹೆಣದವ್ರನ್ನ ಕೇಳಬೇಕು. ಅವ್ರ ಹೆಸರು, ನಂಬರ್ ಬರೀರಿ ಇಲ್ಲಿ."

"ಅವ್ರನ್ನ ಯಾಕ ಕೇಳ್ತೀರಿ?"

"ನನಗ ಅವ್ರಂಗ ಹೆಣಿಯಾಕ ಬರಂಗಿಲ್ಲ, ಅದಕ್ಕ. ಬರೀರಿ ಜಲ್ದಿ."

ಅವಳು ಪುಸ್ತಕ ತೆರೆದು ಪೆನ್ನು ಕೊಟ್ಟಳು. ಹಾಲೇಶ್ ಪೆನ್ನನ್ನು ಬಲಗೈಯಲ್ಲಿ ತೆಗೆದುಕೊಂಡ. ಪುಸ್ತಕ ಎಳೆದುಕೊಂಡ. ಆಮೇಲೆ ಪೆನ್ನನ್ನು ಎಡಗೈಗೆ ದಾಟಿಸಿ ಬಗ್ಗಿದ. ಏನೂ ಬರೆಯದೆ ಹಾಗೇ ನಿಂತ.

ಸ್ಫೂರ್ತಿ ಆ ಕೈಯನ್ನೇ ನೋಡಿದಳು.

"ನೀವು ಎಡಚರೇನು?"

"ಬರಿಯಾಕ ಅಷ್ಟ ರಿ," ಎಂದ ಅವನು ತಲೆ ಎತ್ತದೆ. "ಕೊಡೋದು, ತಗೊಳ್ಳೋದು, ಉಣ್ಣೋದು ಬಲಗೈಲೇ ಅಂತ ನಮ್ಮಜ್ಜಿ ಸಣ್ಣವ ಇದ್ದಾಗ ಬಡದು ಕಲಿಸ್ಯಾಳ."

ಮಂಡಕ್ಕಿ ತಿನ್ನುವಾಗ, ನೀರು ಕೊಡುವಾಗ, ಪೊಟ್ಟಣ ಚಾಚುವಾಗ ಎಲ್ಲ ಬಲಗೈ. ಒಂದು ತಿಂಗಳು ಪಕ್ಕದಲ್ಲಿ ಕೂತರೂ ಅದಕ್ಕೇ ಅವಳಿಗೆ ತಿಳಿದಿರಲಿಲ್ಲ.

ಅವಳು ಸ್ವೆಟರನ್ನು ಕಡ್ಡಿಗಳ ಸಮೇತ ಅವನ ಮುಂದಿಟ್ಟಳು.

"ಆ ಸಾಲು ಮುಗಸ್ರಿ."

"ನಾನಾ?"

"ನೀವ ರಿ."

ಹಾಲೇಶ್ ಬಾಗಿಲ ಕಡೆ ನೋಡಿದ. ಓಡಿಹೋಗುತ್ತಾನೋ ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು. ಆದರೆ ಅವನು ಕುರ್ಚಿ ಎಳೆದುಕೊಂಡು, ಕಡ್ಡಿ ಹಿಡಿದು, ದಾರವನ್ನು ಬೆರಳಿಗೆ ಸುತ್ತಿಕೊಂಡು ಹೆಣೆಯತೊಡಗಿದ. ಎಡದಿಂದ ಬಲಕ್ಕೆ, ಸರಸರನೆ, ಒಂದೂ ತಪ್ಪದೆ. ಮಿಲ್ಲಿನಲ್ಲಿ ಮೂಟೆ ಎತ್ತಿ ಒರಟಾದ ಬೆರಳುಗಳು ಇಷ್ಟು ಮೆತ್ತಗೆ ಕೆಲಸ ಮಾಡುವುದನ್ನು ಸ್ಫೂರ್ತಿ ಬಗ್ಗಿ ನೋಡಿದಳು.

"ಯಾರು ಕಲಿಸಿದ್ದು?"

"ನಾಕು ವರ್ಷದ ಕೆಳಗ ಬೈಕಿನಿಂದ ಬಿದ್ದು ಕಾಲು ಮುರಕೊಂಡಿದ್ದೆ. ಮೂರು ತಿಂಗಳು ಹಾಸಿಗಿ. ಅಕ್ಕ ಎದುರಿಗೆ ಕುಂತು ಹೆಣೀತಿದ್ಲು. ನೋಡಿ ನೋಡಿ ಕಲತೆ."

"ಯಾರಿಗಂತ ಹೆಣದ್ರಿ?"

"ಸಾಲು ಮುಗಿಸಿ ಹೇಳ್ತೀನ್ರಿ. ಇಲ್ಲಾಂದ್ರ ಕುಣಿಕಿ ಜಾರ್ತಾವ."

ಅವಳು ಕಾದಳು. ಸಾಲು ಮುಗಿಯಿತು. ಅವನು ಕಡ್ಡಿ ಕೆಳಗಿಡಲಿಲ್ಲ. ಕೈಗೆ ಆಸರೆ ಬೇಕಿತ್ತೇನೋ.

"ಅದರ ಹಿಂದಿನ ಡಿಸೆಂಬರ್. ಸಂಡೂರಿಗೆ ಹೋಗೋ ಬೆಳಗಿನ ಬಸ್ಸು. ನಾನು ಅಕ್ಕಿ ಸ್ಯಾಂಪಲ್ ತಗೊಂಡು ಹೋಗ್ತಿದ್ದೆ. ಚೀಲ ಹರಿದು ಬಸ್ಸಿನ ತುಂಬ ಅಕ್ಕಿ ಚೆಲ್ತು. ಮುಂದಿನ ಸೀಟಿನಾಗ ಒಬ್ರು ಕುಂತಿದ್ರು. ಪರ್ಸಿನಿಂದ ಸೂಜಿ ದಾರ ತೆಗದು, ಚೀಲ ಇಸಗೊಂಡು ಹೊಲದು ಕೊಟ್ರು. ನನ್ನ ಮುಖ ಸುದ್ದಾ ನೋಡಲಿಲ್ಲ. ಬೈದ್ರು ಬ್ಯಾರೆ."

ಸ್ಫೂರ್ತಿಗೆ ಮುಖ ನೆನಪಾಗಲಿಲ್ಲ. ಅಕ್ಕಿ ನೆನಪಾಯಿತು. ಚಪ್ಪಲಿಯೊಳಗೆಲ್ಲ ಅಕ್ಕಿ ಸೇರಿ ಆಫೀಸಿನಲ್ಲಿ ಇಡೀ ದಿನ ಚುಚ್ಚಿತ್ತು.

"ಅವ್ರು ಕುಂತ ಸೀಟಿನ ಕಿಟಕಿ ಗಾಜು ಒಡದಿತ್ತು," ಹಾಲೇಶ್ ಮುಂದುವರಿಸಿದ. "ಬೆಟ್ಟದ ಗಾಳಿ ಒಳಗ ಬರ್ತಿತ್ತು. ವೇಲ್ ಸುತ್ತಿಕೊಂಡು ಗಡಗಡ ನಡುಗ್ತಾ ಹೊಲದ್ರು. ಆಮ್ಯಾಲ ಹಾಸಿಗಿ ಹಿಡದಾಗ ನನಗ ಬ್ಯಾರೆ ಏನೂ ನೆನಪಾಗ್ತಿರ್ಲಿಲ್ಲ, ಅದೊಂದ. ಅವ್ರಿಗೊಂದು ಸ್ವೆಟರ್ ಹಾಕೋಣ ಅಂತ ಶುರು ಮಾಡಿದೆ. ಕಾಲು ನೆಟ್ಟಗಾಗಿ ಬಸ್ಸು ಹತ್ತಿದ್ರ ಅವ್ರು ಬರೋದ ಬಿಟ್ಟಿದ್ರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಮೈಯಳತಿ ಅಂದಾಜಿನ ಮ್ಯಾಲ ಹಾಕಿದೆ. ತೋಳು ಮಾತ್ರ ಮುಗಿಸಾಕ ಧೈರ್ಯ ಆಗಲಿಲ್ಲ. ಪೆಟ್ಟಿಗ್ಯಾಗ ಇಟ್ಟೆ. ಮೊನ್ನೆ ಮಾರ್ಚಿನಾಗ ಈ ರಸ್ತೆದಾಗ ಹೋಗುವಾಗ ಬೋರ್ಡ್ ಕೆಳಗ ನೀವು ನಿಂತಿದ್ರಿ."

ಹಾಲೇಶ್ ಕಡ್ಡಿಗಳನ್ನು ಮೇಜಿನ ಮೇಲಿಟ್ಟ.

"ಮೊದಲನೇ ದಿನಾನೇ ಹೇಳಬೇಕಂತ ಬಂದಿದ್ದೆ ರಿ. ನೀವು ಅಳತಿ ಕೇಳಿದ್ರಿ, ನಾ ಹೆದರಿದೆ. ನಿಮಗ ಮನಸಿಲ್ಲಾಂದ್ರ ಇದನ್ನ ಬಿಚ್ಚಿ ಉಂಡಿ ಮಾಡಿ ಕೊಟ್ಟು ಹೋಗ್ತೀನಿ. ಉಲ್ಲನ್ ಚೊಲೋದೈತಿ, ಯಾರದಾದ್ರೂ ಕುಲಾವಿಗೆ ಆಗ್ತದ."

ಇಷ್ಟು ಹೇಳಿ ಅವನು ಅವಳ ಮುಖ ನೋಡಿದ. ಬಸ್ಸಿನ ಕಡೆ ಅಲ್ಲ, ಫ್ಯಾನಿನ ಕಡೆ ಅಲ್ಲ. ಸ್ಫೂರ್ತಿಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ತಿಳಿಯಲಿಲ್ಲ. ಒಂದು ದಿನವಿಡೀ ತಾನು ಹೊಟ್ಟೆಕಿಚ್ಚು ಪಟ್ಟದ್ದು ಈ ಮನುಷ್ಯನ ಎಡಗೈ ಮೇಲೆ.

"ಬಿಚ್ಚಿದ್ರ ಕೈ ಮುರೀತೀನಿ," ಎಂದಳು. ಮೇಜಿನ ಖಾನೆಯಿಂದ ಟೇಪು ತೆಗೆದು ಅವನ ಮುಂದಿಟ್ಟು, ತೋಳು ನೀಡಿದಳು. "ಅಳೀರಿ."

ಹಾಲೇಶ್ ಎದ್ದು ನಿಂತ. ಭುಜದ ಮೇಲೆ ಟೇಪಿನ ತುದಿ ಇಟ್ಟು, ಮೊಣಕೈವರೆಗೆ, ಅಲ್ಲಿಂದ ಮಣಿಕಟ್ಟಿನವರೆಗೆ, ಬೆರಳು ತಾಗಿಯೂ ತಾಗದಂತೆ ಇಳಿಸಿದ. ನೋಡಿದ. ಮತ್ತೆ ಮೊದಲಿಂದ ಇಟ್ಟ.

"ಎಷ್ಟೈತಿ?"

"ಮರ್ತೆ ರಿ," ಎಂದ ಅವನು ಪ್ರಾಮಾಣಿಕವಾಗಿ.

"ನನಗೂ ನೀವ ಬೇಕಾಗೇತಿ," ಎಂದಳು ಸ್ಫೂರ್ತಿ. "ಶನಿವಾರ ಬರ್ಲಿ ಅಂತ ಸ್ವೆಟರ್ ಮುಟ್ಟಿರ್ಲಿಲ್ಲ. ನೀವು ಯಾರದೋ ಗಂಡ ಆಗವ್ರು ಅಂದುಕೊಂಡು ನಿನ್ನಿ ಊಟ ಮಾಡಿಲ್ಲ."

ಅವನು ಮೂರನೇ ಸಲ ಟೇಪು ಇಡುತ್ತಿದ್ದಾಗ ಒಳಗಿನಿಂದ ಪಂಪಮ್ಮ ಬಂದರು. ಕೈಯಲ್ಲಿ ಮೊಬೈಲು, ಅದರ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು.

"ಸಂಡೂರಿನವ್ರು ಅದಾರ. ಏನ್ ಹೇಳ್ಲಿ?"

ಹಾಲೇಶನಿಗೆ ಸಂಡೂರಿನ ಸಂಗತಿ ಗೊತ್ತಿರಲಿಲ್ಲ. ಆದರೂ ಆ ಕೋಣೆಯಲ್ಲಿ ಏನೋ ನಿರ್ಧಾರವಾಗುತ್ತಿದೆ ಎಂದು ಅರ್ಥವಾಗಿ, ಟೇಪು ಹಿಡಿದ ಕೈ ಅಲ್ಲೇ ನಿಂತಿತು. ಸ್ಫೂರ್ತಿ ತೋಳು ಇಳಿಸಲಿಲ್ಲ.

"ಬ್ಯಾಡಂತ ಹೇಳಮ್ಮ. ಅವ್ರು ಚೊಲೋ ಮಂದಿ, ಬೇಜಾರಾಗದಂಗ ಹೇಳು. ನಾ ಇವ್ರನ್ನ ಮದ್ವಿ ಆಗ್ತೀನಿ."

ಪಂಪಮ್ಮ ಮಗಳನ್ನು ನೋಡಿದರು. ಟೇಪು ನೋಡಿದರು. ಟೇಪಿನ ಇನ್ನೊಂದು ತುದಿಯಲ್ಲಿ ಬೆವರುತ್ತಿದ್ದ ಗಂಡಸನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೆರಗು ತೆಗೆದು, "ಸ್ವಲ್ಪ ಹೊತ್ತಿನ ಮ್ಯಾಲ ನಾನ ಮಾಡ್ತೀನ್ರಿ," ಎಂದು ಫೋನಿಗೆ ಹೇಳಿ ಇಟ್ಟರು.

"ಕಂಪ್ಲಿಯಾಗ ಯಾರ ಮನಿಯವ್ರಪ್ಪ ನೀವು?"

ಹಾಲೇಶ್ ಅಪ್ಪನ ಹೆಸರು, ಅಜ್ಜನ ಹೆಸರು, ಮಿಲ್ಲಿನ ಹೆಸರು, ಕೇಳದಿದ್ದರೂ ಅಕ್ಕನ ಗಂಡನ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದ.

"ನಿಮ್ಮಪ್ಪಗ ಗೊತ್ತೈತೇನು?"

"ಸ್ವೆಟರ್ ಗೊತ್ತೈತ್ರಿ. ಯಾರಿಗಂತ ನಾಕು ವರ್ಷದಿಂದ ಕೇಳಾಕತ್ಯಾರ."

"ಹಂಗಾದ್ರ ಇವತ್ತು ಹೋಗಿ ಹೇಳ್ರಿ. ನಾಳೆ ನಾ ಮಾತಾಡ್ತೀನಿ." ಪಂಪಮ್ಮ ಒಳಗೆ ತಿರುಗಿದವರು ಬಾಗಿಲಲ್ಲಿ ನಿಂತರು. "ಕೈ ತೊಳಕೊಳ್ರಿ ಇಬ್ರೂ. ಅಡಗಿ ಆಗೇತಿ, ಉಂಡು ಹೋಗ್ರಿ."

ಅವರು ಒಳಗೆ ಹೋದ ಮೇಲೆ ಹಾಲೇಶ್ ಮೆಲ್ಲಗೆ ಅಂದ, "ಅಳತಿ ಬರಕೊಳ್ಳಾಕ ಆಗಲೇ ಇಲ್ರಿ."

"ಊಟ ಆದ ಮ್ಯಾಲ ಮತ್ತ ಅಳೀರಿ," ಎಂದಳು ಸ್ಫೂರ್ತಿ. "ಎರಡೂ ತೋಳು."