ತಾತನ ಇಪ್ಪತ್ತು ಗೋಲಿ

ಬನ್ ಆ ಕಡೆ ಈ ಕಡೆ ನೋಡಿ, ತುಂಬಿದ ಡಬ್ಬಿಯಿಂದ ಆರು ಗೋಲಿ ತೆಗೆದು ಖಾಲಿ ಡಬ್ಬಿಗೆ ಹಾಕಿಬಿಟ್ಟಳು. ಮುಖ ಮಾತ್ರ ಏನೂ ಅರಿಯದ ಮಗುವಿನದು.

"ನೆಕ್ಸ್ಟ್!" ಎಂದಳು.

ಇದು ಪ್ರಾಣಿಗಳನ್ನು ಮುಟ್ಟಿ ನೋಡುವ ಝೂ. ಬನ್‌ಳ ಅಮ್ಮನಿಗೆ ಇಲ್ಲಿ ಇಗ್ವಾನಾ ನೋಡಿಕೊಳ್ಳುವ ಕೆಲಸ. ಇಗ್ವಾನಾ ಅಂದರೆ ಎರಡು ಮೊಳ ಉದ್ದದ ಹಸಿರು ಹಲ್ಲಿ. ಗದ್ದದ ಕೆಳಗೆ ಚರ್ಮ ಜೋತುಬಿದ್ದಿರುವುದರಿಂದ ಎಲ್ಲರೂ ಅವನನ್ನು ತಾತ ಎನ್ನುತ್ತಾರೆ. ವಯಸ್ಸು ನಾಲ್ಕು.

ತಾತನನ್ನು ದಿನಕ್ಕೆ ಇಪ್ಪತ್ತೇ ಜನ ಮುಟ್ಟಬಹುದು. ಅದು ಅಮ್ಮನ ಲೆಕ್ಕ. ಒಬ್ಬರು ಮುಟ್ಟಿದರೆ ಒಂದು ಗೋಲಿ ಈ ಡಬ್ಬಿಯಿಂದ ಆ ಡಬ್ಬಿಗೆ. ಗೋಲಿ ಮುಗಿದರೆ ತಾತ ಗಾಜಿನ ಮನೆಯೊಳಗೆ, ಬಾಗಿಲಿಗೆ 'ರಜೆ' ಬೋರ್ಡು. ಮಂತ್ರಿ ಬಂದರೂ ಅಷ್ಟೆ.

ಆದರೆ ಇವತ್ತು ಬಂದಿರುವುದು ಬನ್‌ಳ ಕ್ಲಾಸು. ಅವಳನ್ನು ಬಿಟ್ಟು ಇಪ್ಪತ್ತಾರು ಮಕ್ಕಳು. "ಎಲ್ಲರಿಗೂ ಮುಟ್ಟಿಸ್ತೀನಿ, ನಮ್ಮಮ್ಮಂದೇ ಝೂ" ಎಂದು ಅವಳು ಒಂದು ವಾರ ಕೊಚ್ಚಿಕೊಂಡಿದ್ದಳು. ಇಪ್ಪತ್ತು ಜನರದ್ದು ಮುಗಿಯುವ ಮುಂಚೆಯೇ ಅಮ್ಮ ಡಬ್ಬಿಗಳನ್ನು ಅವಳಿಗೆ ಒಪ್ಪಿಸಿ ಸೊಪ್ಪು ತರಲು ಹೋಗಿದ್ದಳು. ಸಾಲಿನ ಕೊನೆಯಲ್ಲಿ ಸೋಡಾ ನಿಂತಿದ್ದ. ಅವಳ ಪಕ್ಕ ಕೂರುವ ಹುಡುಗ. ದಪ್ಪ ಕನ್ನಡಕದಿಂದ ಆ ಹೆಸರು. ಎಲ್ಲರಿಗೂ "ನೀ ಮುಂದೆ ಹೋಗು" ಅಂತ ಜಾಗ ಬಿಟ್ಟು ಬಿಟ್ಟು ಹಿಂದೆ ಉಳಿದಿದ್ದ. ಅವನಿಗೆ ಹೇಗೆ ಕೈ ಕೊಡುವುದು?

ಇಪ್ಪತ್ತೊಂದನೆಯವನು ಬೆನ್ನು ಸವರಿದ. ತಾತ ಕಣ್ಣು ಮುಚ್ಚಿದ.

"ಟೀಚರ್, ಖುಷಿಗೆ ನಿದ್ದೆ ಮಾಡ್ತಿದೆ!"

ಇಪ್ಪತ್ತೆರಡನೆಯವಳು ಬಾಲ ಹಿಡಿದಳು. ತಾತ ಕಣ್ಣು ಇನ್ನೂ ಬಿಗಿ ಮಾಡಿದ.

"ಎಷ್ಟು ಚೆನ್ನಾಗಿ ನೋಡ್ಕೋತೀಯೇ ಬನ್!" ಎಂದು ಟೀಚರ್ ಅವಳ ಎರಡೂ ಕೆನ್ನೆ ಹಿಂಡಿದರು.

ಆ ಕೆನ್ನೆಯಿಂದಲೇ ಅವಳಿಗೆ ಬನ್ ಅಂತ ಹೆಸರು. ನೆಂಟರು, ಬಸ್ ಕಂಡಕ್ಟರ್, ಹಲ್ಲಿನ ಡಾಕ್ಟರ್, ಹಿಂಡದೆ ಬಿಟ್ಟವರಿಲ್ಲ. ಓಡುವ ಹಾಗಿಲ್ಲ, ಬೈಯುವ ಹಾಗಿಲ್ಲ. ಬನ್ ಯಾವಾಗಲೂ ಮಾಡುವುದನ್ನೇ ಮಾಡಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಎದುರಿಗೆ ತಾತ. ಅವನ ಕಣ್ಣು ಇನ್ನೂ ಮುಚ್ಚಿತ್ತು.

ಬನ್ ತಾತನನ್ನು ಗಾಜಿನ ಮನೆಯೊಳಗೆ ಬಿಟ್ಟು, 'ರಜೆ' ಬೋರ್ಡು ತಿರುಗಿಸಿದಳು.

"ಏಯ್, ಮೋಸ!" ಎಂದು ಮೂವರು ಕೂಗಿದರು. ಸೋಡಾ ಕೂಗಲಿಲ್ಲ. ಅದೇ ಕಷ್ಟವಾಯಿತು.

"ಪ್ರಾಮಿಸ್ ಮಾಡಿದ್ದೆ ಅಲ್ವೇನೇ," ಎಂದ.

"ಅವನಿಗೆ ಸಾಕಾಗಿದೆ ಕಣೋ."

"ನಿಂಗೆ ಹೇಳಿದ್ನಾ?"

"ಹೂಂ."

ಅಮ್ಮ ಸೊಪ್ಪಿನ ಬುಟ್ಟಿ ಹಿಡಿದು ಬಂದಳು. ಬೋರ್ಡು ನೋಡಿದಳು, ಡಬ್ಬಿ ನೋಡಿದಳು. "ಇನ್ನೂ ಗೋಲಿ ಇದೆಯಲ್ಲ, ರಜೆ ಯಾಕೆ?"

"ಇಪ್ಪತ್ತೆರಡು ಜನ ಮುಟ್ಟಿ ಆಯ್ತಮ್ಮ. ನಾನೇ ಗೋಲಿ ವಾಪಸ್ ಹಾಕ್ದೆ."

ಬೈಗುಳಕ್ಕೆ ಕಾದಳು. ಅಮ್ಮ ಎರಡು ಗೋಲಿ ತೆಗೆದು ಜೇಬಿಗೆ ಹಾಕಿಕೊಂಡಳು.

"ನಾಳೆ ಹದಿನೆಂಟು," ಎಂದಳು. "ನಿನ್ನ ವಿಚಾರ ಮನೇಲಿ."

ಗಾಜಿಗೆ ಮೂಗು ಒತ್ತಿ ಕೂತಿದ್ದ ಸೋಡಾ ಕೈ ಬೀಸಿ ಕರೆದ. "ಬೇಗ ಬಾರೇ! ಸದ್ದು ಮಾಡ್ಬೇಡ."

ಬನ್ ಪಕ್ಕದಲ್ಲಿ ಹೋಗಿ ಕೂತಳು. ತಾತ ಒಂದು ಕಣ್ಣು ಬಿಟ್ಟಿದ್ದ. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಗಾಜಿನವರೆಗೂ ಬಂದು ನಿಂತ.

"ನನ್ನೇ ನೋಡ್ತಿದಾನೆ," ಸೋಡಾ ಪಿಸುಗುಟ್ಟಿದ.

ಮುಟ್ಟಿದ ಇಪ್ಪತ್ತೆರಡು ಜನರಲ್ಲಿ ಒಬ್ಬರನ್ನೂ ತಾತ ಹಾಗೆ ನೋಡಿರಲಿಲ್ಲ. ಬನ್ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.