ಅಪ್ಪನ ಹೊಟ್ಟೆ ಉಸಿರು

"ಏಯ್, ನೋಡ್ರೋ! ಮೆಲುಕಮ್ಮ ಮತ್ತೆ ಶುರು ಮಾಡಿದ್ಲು!"

ಹಿಂದಿನ ಬೆಂಚಿನ ಹುಡುಗ ಕೂಗಿದ್ದೇ ತಡ, ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಚೂಟಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಿಂದದ್ದು ತಾನಾಗಿಯೇ ಬಾಯಿಗೆ ಬಂದರೆ ಪಾಪ, ಅವಳೇನು ಮಾಡಿಯಾಳು? ಅಗಿದು ಮತ್ತೆ ನುಂಗುತ್ತಿದ್ದಳು, ಅಷ್ಟೇ. ಮಾರನೆಯ ದಿನದಿಂದ ಟಿಫಿನ್ ಬಾಕ್ಸ್ ತೆರೆಯುವುದನ್ನೇ ಬಿಟ್ಟಳು. ಜೀವದ ಗೆಳತಿ ಕರೆದರೂ "ಹಸಿವಿಲ್ಲ ಕಣೇ" ಎಂದು ದೂರ ಹೋಗಿ ಕೂತಳು.

ತುಂಬಿದ ಬಾಕ್ಸ್ ಹಾಗೇ ಮನೆಗೆ ಬರುವುದನ್ನು ಕಂಡು ಅಪ್ಪನಿಗೆ ದಿಗಿಲಾಯಿತು. ಅವನು ಲಾರಿ ಮೆಕ್ಯಾನಿಕ್. ಕೆಲಸ ಬಿಟ್ಟು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರ್ ಪರೀಕ್ಷೆ ಮಾಡಿ ಕೌನ್ಸೆಲರ್ ಆಂಟಿಯ ಹತ್ತಿರ ಕಳಿಸಿದರು.

"ನೀನು ಬೇಕಂತ ಮಾಡ್ತಿಲ್ಲ ಪುಟ್ಟಾ," ಎಂದರು ಆಂಟಿ. "ನಿನ್ನ ಹೊಟ್ಟೆ ಒಂದು ಅಭ್ಯಾಸ ಕಲ್ತುಬಿಟ್ಟಿದೆ. ಅದಕ್ಕೆ ಬೇರೆ ಅಭ್ಯಾಸ ಕಲಿಸೋಣ. ಊಟ ಆದ ತಕ್ಷಣ ಹೊಟ್ಟೆ ಮೇಲೆ ಕೈ ಇಟ್ಕೊಂಡು ನಿಧಾನವಾಗಿ ಉಸಿರು ತಗೋ. ಕೈ ಮೇಲೇಳ್ಬೇಕು, ನೋಡು."

ಬೇಕಂತ ಮಾಡ್ತಿಲ್ಲ! ಆ ಮಾತು ಕೇಳಿ ಚೂಟಿಗೆ ಅಳುವೇ ಬಂತು. ಪಕ್ಕಕ್ಕೆ ತಿರುಗಿದರೆ, ಅಪ್ಪನೂ ತನ್ನ ಡೊಳ್ಳುಹೊಟ್ಟೆಯ ಮೇಲೆ ಕೈಯಿಟ್ಟು ಉಸಿರೆಳೆಯುತ್ತಿದ್ದಾನೆ. ಅಯ್ಯೋ, ತನಗೂ ಹೇಳಿದರು ಅಂದುಕೊಂಡನಲ್ಲ! ಅವಳು ನಗು ತಡೆದುಕೊಂಡಳು.

ಅಂದಿನಿಂದ ದಿನಾ ರಾತ್ರಿ ಊಟ ಮುಗಿದದ್ದೇ ಅಪ್ಪ ಗೋಡೆಗೊರಗಿ ಕೂರುತ್ತಿದ್ದ.

"ಅಪ್ಪಾ, ಎಷ್ಟು ಸದ್ದು ಮಾಡ್ತೀಯ!"

"ಹಳೇ ಗಾಡಿ ಕಣೇ, ಸದ್ದು ಇದ್ದೇ ಇರುತ್ತೆ."

ಕೆಲವು ದಿನ ತಿಂದದ್ದು ಮತ್ತೆ ಮೇಲೆ ಬಂದೇಬಿಡುತ್ತಿತ್ತು. ಚೂಟಿ ಮುಖ ಸಣ್ಣ ಮಾಡುತ್ತಿದ್ದಳು. "ಇರ್ಲಿ ಬಿಡು, ಇನ್ನೊಂದ್ಸಲ ನೋಡೋಣ," ಎಂದು ಅಪ್ಪ ಮತ್ತೆ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದ.

ಹೀಗೇ ವಾರಗಳು ಕಳೆದವು. ಒಂದು ಮಧ್ಯಾಹ್ನ ಚೂಟಿ ಧೈರ್ಯ ಮಾಡಿ ಗೆಳತಿಯ ಪಕ್ಕ ಕೂತು ಬಾಕ್ಸ್ ಖಾಲಿ ಮಾಡಿದಳು. ಡೆಸ್ಕಿನ ಕೆಳಗೆ ಕೈ ಹೊಟ್ಟೆಯ ಮೇಲಿತ್ತು. ಬೆಲ್ ಹೊಡೆಯಿತು. ಏನೂ ಮೇಲೆ ಬರಲಿಲ್ಲ!

ರಾತ್ರಿ ಸುದ್ದಿ ಕೇಳಿ ಅಪ್ಪ ಅವಳನ್ನು ಎತ್ತಿ ಗಿರಗಿರ ತಿರುಗಿಸಿದ. ಊಟವಾದ ಮೇಲೆ ಮಾತ್ರ ಎಂದಿನಂತೆ ಗೋಡೆಗೊರಗಿದ.

"ಅಪ್ಪಾ, ಬೇಜಾರು ಮಾಡ್ಕೋಬೇಡ," ಎಂದಳು ಚೂಟಿ. "ಆಂಟಿ ಇದನ್ನ ಮಾಡು ಅಂದಿದ್ದು ನನಗೊಬ್ಬಳಿಗೇ."

"ಅಷ್ಟೂ ಗೊತ್ತಾಗದ ಪೆದ್ದನೇನೇ ನಾನು?" ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕ. "ಅವತ್ತೇ ಗೊತ್ತಿತ್ತು."

ಅಷ್ಟು ದಣಿದು ಬಂದರೂ ಒಂದು ದಿನವಾದರೂ ತಪ್ಪಿಸಿದ್ದನೇ ಅಪ್ಪ?

ಅವಳು ಸರಿದು ಅವನಿಗೆ ಅಂಟಿಕೊಂಡು ಕೂತಳು. ಒಂದು ಕೈ ತನ್ನ ಹೊಟ್ಟೆಯ ಮೇಲಿಟ್ಟಳು. ಇನ್ನೊಂದನ್ನು ಅಪ್ಪನ ಹೊಟ್ಟೆಯ ಮೇಲಿಟ್ಟಳು.