ಮೊದಲ ತಿರುವಿನ ಮರಳು

"ಇದು ಬೇಡ."

ಸೋಪು ಮೇಜಿನ ಮೇಲೆ ಬಿತ್ತು.

"ಇದೂ ಬೇಡ."

ಉಪ್ಪು ತುಂಬಿದ ಗಾಜಿನ ಬಾಟಲಿ ಅದರ ಪಕ್ಕದಲ್ಲಿ ಕೂತಿತು.

"ಇದಂತೂ... ಬೇಡವೇ ಬೇಡ!"

ಅವಳ ಚೀಲದ ತಳದಿಂದ ಕಾವಲುಗಾರ ಎರಡು ಕೈಯಲ್ಲಿ ಎತ್ತಿ ತೆಗೆದದ್ದು ಅವಳ ಚಿಕ್ಕಮ್ಮನ ಕಬ್ಬಿಣದ ಬಾಣಲೆ.

"ಮೇಡಂ, ನೀವು ನದಿಗೆ ಹೋಗ್ತಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ?"

ನದಿ ಕಚೇರಿಯಲ್ಲಿ ಸಾಲುಗಟ್ಟಿ ನಿಂತಿದ್ದವರು ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು.

ಅದು ಕಾಪಾಡಿಟ್ಟ ನದಿ. ಅದಕ್ಕೆ ಅಣೆಕಟ್ಟಿಲ್ಲ, ಸೇತುವೆಯಿಲ್ಲ, ಮೋಟಾರು ದೋಣಿಯ ಸದ್ದಿಲ್ಲ. ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಹರಿಯಲೆಂದು ಬಿಟ್ಟ ನೀರು. ವರ್ಷಕ್ಕೆ ಕೆಲವೇ ದೋಣಿಗಳಿಗೆ ಒಪ್ಪಿಗೆ, ಅದೂ ಚೀಟಿ ಎತ್ತಿ. ಎಷ್ಟೋ ವರ್ಷ ಕಾದ ಮೇಲೆ ಈ ಸಲ ಚಿಕ್ಕಮ್ಮನ ಹೆಸರು ಬಂದಿತ್ತು. ಹೊರಡುವುದು ಮುಂದಿನ ತಿಂಗಳಾದರೂ ಸಾಮಾನನ್ನು ಮೊದಲೇ ತಂದು ಕಾವಲುಗಾರನಿಗೆ ತೋರಿಸಬೇಕೆಂಬುದು ಅಲ್ಲಿನ ಪದ್ಧತಿ.

ಅವಳು ಕಿಟಕಿಯಾಚೆ ನೋಡಿದಳು. ದಡದಲ್ಲಿ ಕಾವಲು ದೋಣಿ ಕಟ್ಟಿತ್ತು. ಡೇರೆ, ದೋಣಿಯ ಹೊದಿಕೆಗಳನ್ನು ಹೊಲಿದು ರಿಪೇರಿ ಮಾಡುವುದೇ ಅವಳ ಕೆಲಸ. ಕಣ್ಣು ನೇರವಾಗಿ ಅದರ ಹೊದಿಕೆಯ ಹೊಲಿಗೆಗೇ ಹೋಯಿತು.

"ಆಯ್ತು ಸಾರ್, ನನ್ನ ಬಾಣಲೆ ಬೇಡ. ಆದ್ರೆ ಆ ದೋಣಿಯ ಹೊದಿಕೆ ಹೊಲಿದ ಪುಣ್ಯಾತ್ಮ ಯಾರು? ನಿದ್ದೆಗಣ್ಣಲ್ಲಿ ಹೊಲಿದ ಹಾಗಿದೆ!"

ಅವನು ಕಿಟಕಿಯತ್ತ ನೋಡಿ ತಲೆ ಕೆರೆದುಕೊಂಡ.

"...ನಾನೇ."

ಈಗ ಸಾಲಿಗೆ ಸಾಲೇ ಗೊಳ್ಳೆಂದಿತು. ಅವನೂ ತಲೆ ತಗ್ಗಿಸಿ ನಕ್ಕ.

'ಅಯ್ಯೋ, ನಕ್ಕರೆ ಈ ಮನುಷ್ಯ ಬೇರೆಯೇ ಕಾಣ್ತಾನಲ್ಲ...' ಅವಳು ಮುಖ ತಿರುಗಿಸಿಕೊಂಡಳು.

"ತಗೊಂಡು ಹೋದದ್ದನ್ನೆಲ್ಲ ವಾಪಸ್ ತರಬೇಕು, ಒಲೆಯ ಬೂದಿ ಸಹ. ಗೊತ್ತು ಮಾಡಿದ ತೂಕ ಮೀರೋ ಹಾಗಿಲ್ಲ. ಮತ್ತೆ ದೋಣಿಗೆ ಹುಟ್ಟು ಹಾಕೋರು ಇಬ್ಬರು ಇರ್ಲೇಬೇಕು," ಎಂದ ಅವನು ದನಿ ಸರಿಮಾಡಿಕೊಂಡು.

"ಹುಟ್ಟು ಹಾಕೋಕೆ ನಾನೊಬ್ಬಳೇ. ಚಿಕ್ಕಮ್ಮನಿಗೆ ಮೊಣಕಾಲೇ ಬಗ್ಗಲ್ಲ."

"ಇನ್ನೊಬ್ರನ್ನ ಹುಡುಕಿ. ನಿಯಮ ಅಂದ್ರೆ ನಿಯಮ."

*

"ಎಲ್ಲಕ್ಕೂ ಬೇಡ ಅಂದನಾ? ಹಾಗಾದ್ರೆ ಅವನ ಹೆಸರು ಬೇಡಪ್ಪ!" ಚಿಕ್ಕಮ್ಮ ಹೊಲಿಗೆ ಅಂಗಡಿಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಘೋಷಿಸಿದಳು.

ತಾಯಿಯಿಲ್ಲದ ಅವಳನ್ನು ಕೂಸಿನಿಂದ ಎತ್ತಿ ಬೆಳೆಸಿದವಳು ಈ ಚಿಕ್ಕಮ್ಮ. ಬಾಯಿ ಜೋರು, ಮನಸ್ಸು ಬೆಣ್ಣೆ. ನದಿಗೆ ಇನ್ನೂ ಕಾವಲಿಲ್ಲದ ಕಾಲದಲ್ಲಿ, ಮದುವೆಯಾದ ಹೊಸತರಲ್ಲಿ, ಮೊದಲ ತಿರುವಿನ ಮರಳಿನ ಮೇಲೆ ಚಿಕ್ಕಮ್ಮನೂ ಚಿಕ್ಕಪ್ಪನೂ ಡೇರೆಯೂ ಇಲ್ಲದೆ ಮಲಗಿದ್ದರಂತೆ. ಚಿಕ್ಕಪ್ಪ ಆಕಾಶ ನೋಡುತ್ತ ಪದ್ಯ ಹೇಳಿದ್ದರಂತೆ. ಈಗ ಚಿಕ್ಕಪ್ಪನಿಲ್ಲ. ಪದ್ಯ ಮಾತ್ರ ಚಿಕ್ಕಮ್ಮನ ನಾಲಗೆಯ ಮೇಲೆ ಉಳಿದಿದೆ.

"ಕಾಲಿನ ಆಪರೇಷನ್‌ಗೆ ಮುಂಚೆ ಆ ಮರಳಲ್ಲಿ ಒಂದ್ಸಲ ಮಲಗಿ ಏಳ್ಬೇಕು ಕಣೇ. ಮತ್ತೆ ಚೀಟಿ ಬರೋದು ಯಾವ ಕಾಲಕ್ಕೋ!"

ಚಿಕ್ಕಮ್ಮ ಬೇಡಿದ್ದು ಅದೊಂದೇ. ಸಾಕುಮಗಳ ಪಾಲಿಗೆ ಅದೇ ದೇವರ ಮಾತು.

ಎರಡು ದಿನ ಕಳೆದ ಮೇಲೆ ಬೇಡಪ್ಪನೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಆ ಹೊದಿಕೆ.

"ನಿದ್ದೆಗಣ್ಣಿನ ಹೊಲಿಗೆ ಬಿಚ್ಚಿ ಸರಿ ಮಾಡ್ಕೊಡ್ತೀರಾ?"

ಹೊದಿಕೆಯ ನೆಪ ಹಲವು ಸಂಜೆಗಳವರೆಗೆ ಬಾಳಿತು. ಅವನು ಬಂದು ಕೂರುತ್ತಿದ್ದ. ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ದೋಣಿಯಿಂದ ಇಳಿದು ಹಗ್ಗ ಹಿಡಿದು ನಡೆಯಬೇಕು, ಯಾವ ಬಂಡೆಯ ಎಡಕ್ಕೆ ಹೋಗಬೇಕು ಎಂದೆಲ್ಲ ಹೇಳುತ್ತಿದ್ದ. ಚಿಕ್ಕಮ್ಮನ ಮರಳಿನ ಕಥೆಯನ್ನು ಬಾಯಿ ತೆರೆದು ಕೇಳಿದ. ಕಚೇರಿಯ ಗೋಡೆಯಲ್ಲಿ ನದಿಯ ದೊಡ್ಡ ನಕ್ಷೆಯಿತ್ತು; ಯಾವ ದೋಣಿ ಎಲ್ಲಿ ತಂಗುವುದೆಂದು ಅದರಲ್ಲಿ ಸೂಜಿ ಚುಚ್ಚಿ ಗುರುತು ಮಾಡುತ್ತಿದ್ದರು. ಅಲ್ಲಿನ ಗುಂಡುಸೂಜಿಗಳು ಮುಗಿದಿದ್ದರಿಂದ ಅವಳೇ ತನ್ನ ನೀಲಿ ತಲೆಯ ಸೂಜಿಯೊಂದನ್ನು ಕೊಟ್ಟಳು. ಅವನು ಅದನ್ನು ಮೊದಲ ತಿರುವಿಗೆ ಚುಚ್ಚಿದ.

"ಎರಡನೇ ಹುಟ್ಟಿಗೆ ಜನ ಸಿಕ್ಕಿದ್ರಾ?" ಎಂದು ಪ್ರತಿಸಲ ಕೇಳುತ್ತಿದ್ದ.

"ಹುಡುಕ್ತಾ ಇದ್ದೀನಿ," ಎನ್ನುತ್ತಿದ್ದಳು.

ಅವಳು ಹುಡುಕುತ್ತಿರಲಿಲ್ಲ. 'ನೀವೇ ಬನ್ನಿ' ಎನ್ನಲು ಧೈರ್ಯವನ್ನಷ್ಟೇ ಹುಡುಕುತ್ತಿದ್ದಳು.

*

ಆ ಧೈರ್ಯ ಸಿಕ್ಕಿದ ಬೆಳಿಗ್ಗೆಯೇ ಕಚೇರಿಗೆ ಓಡಿದಳು. ಒಳಗೆ ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತ ತಂಡವೊಂದು ಕಾಫಿ ಕುಡಿಯುತ್ತ ಕೂತಿತ್ತು. ಗೋಡೆಯತ್ತ ನೋಡಿದಳು.

ಮೊದಲ ತಿರುವು ಖಾಲಿ! ಅವಳ ನೀಲಿ ಸೂಜಿ ಎಲ್ಲೋ ಕೆಳಗೆ, ಹೆಸರೇ ಕೇಳದ ದಡವೊಂದರಲ್ಲಿ...

"ನನ್ನ ಸೂಜಿ ಯಾರು ಕಿತ್ತಿದ್ದು?"

"ನಾನೇ." ಅವನ ದನಿ ಸಣ್ಣದಾಗಿತ್ತು. "ಆ ಮರಳು ಈ ಸಲ ಸಿಗಲ್ಲ."

"ಯಾಕೆ?"

ಅವನು ಕ್ಯಾಮೆರಾದವರ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ಹೇಳೋಕಾಗಲ್ಲ."

'ಓಹೋ... ದೊಡ್ಡವರು ಬಂದ್ರು, ನಮ್ಮನ್ನ ಎತ್ತಿ ಪಕ್ಕಕ್ಕಿಟ್ಟ!' ಎದೆಯಲ್ಲಿ ಏನೋ ಹರಿದಂತಾಯಿತು.

"ಚಿಕ್ಕಮ್ಮನ ವಿಷಯ ಎಲ್ಲಾ ಗೊತ್ತಿದ್ದೂ ಹೀಗೆ ಮಾಡಿದ್ರಾ?"

"ಸ್ವಲ್ಪ ನನ್ನ ಮಾತು..."

"ಬೇಡ! ಈ ಸಲ ನಾನು ಹೇಳ್ತೀನಿ. ಬೇಡ!"

ಮನೆಯಲ್ಲಿ ಸುದ್ದಿ ಕೇಳಿದ ಚಿಕ್ಕಮ್ಮ ಬೈಯಲಿಲ್ಲ. "ಮರಳು ತಾನೇ, ಹೋಗ್ಲಿ ಬಿಡು," ಎಂದು ಗೋಡೆಯ ಕಡೆ ಮುಖ ಮಾಡಿಕೊಂಡಳು. ಜೋರು ಬಾಯಿಯ ಚಿಕ್ಕಮ್ಮನ ಆ ಮೌನವನ್ನು ಅವಳಿಂದ ತಡೆಯಲಾಗಲಿಲ್ಲ.

*

ಅವನು ಅಂಗಡಿಗೆ ಬರಲಿಲ್ಲ. ಹೊಲಿದು ಮುಗಿಸಿದ ಹೊದಿಕೆ ಗೂಟದಲ್ಲಿ ನೇತಾಡುತ್ತಿತ್ತು. ಕಣ್ಣಿಗೆ ಬಿದ್ದಾಗೆಲ್ಲ ಚುಚ್ಚುತ್ತಿತ್ತು. ಕೊನೆಗೊಂದು ದಿನ ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು. ಹೊದಿಕೆ ಕೊಟ್ಟು, ಒಪ್ಪಿಗೆ ಪತ್ರವನ್ನೂ ಹಿಂದಿರುಗಿಸಿ ಬಂದುಬಿಡುವುದೆಂದು ಹೊರಟಳು.

ದಡಕ್ಕೆ ಬಂದವಳು ಗಕ್ಕನೆ ನಿಂತಳು.

ಅವನು ದೋಣಿಯಿಂದ ಇಳಿಯುತ್ತಿದ್ದ. ಆದರೆ ಅದೆಂಥ ಇಳಿಯುವಿಕೆ! ಬಲಗಾಲಿಗೆ ತೊಡೆಯಿಂದ ಕೆಳಗಿನವರೆಗೆ ಮರದ ಪಟ್ಟಿ ಬಿಗಿದಿದ್ದ. ಮೊಣಕಾಲು ಬಗ್ಗುತ್ತಿರಲಿಲ್ಲ. ಒಂದು ಹೆಜ್ಜೆ ಇಟ್ಟ, ತೂರಾಡಿದ, ಧೊಪ್ಪೆಂದು ಕೆಸರಲ್ಲಿ ಕೂತ.

"ಅಯ್ಯೋ! ಕಾಲಿಗೇನಾಯ್ತು ಅವರಿಗೆ?" ಅವಳಿಗರಿವಿಲ್ಲದೆ ಕೂಗು ಹೊರಬಿತ್ತು.

ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ ಗುಮಾಸ್ತೆ ಅಕ್ಕ ನಕ್ಕಳು. "ಕಾಲಿಗೇನೂ ಆಗಿಲ್ಲಮ್ಮ, ತಲೆಗೇ ಆಗಿರೋದು! ಯಾರೋ ಹೆಂಗಸಿಗೆ ಮೊಣಕಾಲು ಬಗ್ಗಲ್ವಂತೆ. ಅವರು ಎಲ್ಲಿ ಇಳೀಬಹುದು, ಎಲ್ಲಿ ನಡೀಬಹುದು ಅಂತ ನದಿ ಉದ್ದಕ್ಕೂ ಪ್ರತಿ ದಡದಲ್ಲೂ ಹೀಗೆ ಕಾಲು ಕಟ್ಕೊಂಡು ಬಿದ್ದು ಎದ್ದು ನೋಡಿದ್ದಾನೆ. ಒಂದು ಸಿಕ್ತಂತೆ. ಈಗ ಇಲ್ಲಿಂದ ಹತ್ತೋದು ಹೇಗೆ ಅಂತ ನೋಡ್ತಿದ್ದಾನೆ."

ಅವಳ ಕಣ್ಣು ಮಂಜಾಯಿತು. ತಾನು ಹೆಸರೇ ಕೇಳಿಲ್ಲವೆಂದು ತಿರಸ್ಕರಿಸಿದ ಆ ದಡ... ಅವನು ಬಿದ್ದು ಎದ್ದು ಆರಿಸಿದ ದಡ!

ಅವಳು ಕೆಳಗಿಳಿದು ಹೋಗಿ ಕೈ ಚಾಚಿದಳು. ಅವನು ಗಾಬರಿಯಿಂದ ಪಟ್ಟಿಯನ್ನು ಬಿಚ್ಚಹೊರಟ. ಗಂಟು ಬಿಚ್ಚಿಕೊಳ್ಳಲಿಲ್ಲ.

"ನಿಮ್ಮ ಗಂಟೂ ನಿಮ್ಮ ಹೊಲಿಗೆ ಥರಾನೇ," ಎಂದು ಅವಳೇ ಕೂತು ಬಿಚ್ಚಿದಳು. ತಲೆಯೆತ್ತದೆ ಕೇಳಿದಳು, "ಆ ಮರಳನ್ನ ಕ್ಯಾಮೆರಾದವರಿಗೆ ಕೊಟ್ರಾ?"

"ಇಲ್ಲ. ಯಾರಿಗೂ ಕೊಟ್ಟಿಲ್ಲ."

"ಮತ್ತೆ ಯಾಕೆ?"

"ಹೇಳೋಕಾಗಲ್ಲ. ಕಾವಲು ಕೆಲಸಕ್ಕೆ ಸೇರಿದ ದಿನ ಕೊಟ್ಟ ಮಾತದು. ಹೆತ್ತ ತಾಯಿಗೂ ಹೇಳೋ ಹಾಗಿಲ್ಲ. ಆದ್ರೆ ದೋಣಿ ಆ ತಿರುವು ದಾಟುವಾಗ ನೀವೇ ನೋಡ್ತೀರಿ." ಅವನು ಅವಳ ಮುಖ ನೋಡಿ ಕೇಳಿದ, "ಅಲ್ಲೀವರೆಗೂ ನನ್ನನ್ನ ನಂಬೋಕಾಗುತ್ತಾ?"

ನದಿ ಹರಿಯುತ್ತಿತ್ತು. ಕಾರಣ ಹೇಳದೆ, ಯಾರಿಗೂ ಕಾಯದೆ.

"ಎರಡನೇ ಹುಟ್ಟಿಗೆ ಜನ ಸಿಕ್ಕಿಲ್ಲ," ಎಂದಳು ಅವಳು. "ನೀವು ಬರ್ತೀರಾ?"

ಅವನು ಕೆಸರಲ್ಲೇ ಎದ್ದು ನಿಂತ. "ಇವತ್ತೇ ರಜೆ ಬರೀತೀನಿ!"

*

ಹೊರಟ ದಿನ ನೀರು ತಿಳಿಯಾಗಿತ್ತು. ಚಿಕ್ಕಮ್ಮ ದೋಣಿಯ ನಡುವೆ ದಿಂಬಿಗೆ ಒರಗಿ ಕೂತಿದ್ದಳು. ಮೊದಲ ತಿರುವು ಹತ್ತಿರವಾದಂತೆ ಅವಳ ಮಾತು ಕಡಿಮೆಯಾಯಿತು. ಕೈ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿಯಿತು.

"ಹುಟ್ಟು ಎತ್ತಿ. ಸದ್ದು ಬೇಡ," ಎಂದು ಅವನು ಪಿಸುಗುಟ್ಟಿದ.

ದೋಣಿ ತಾನಾಗಿ ತೇಲಿತು. ಮರಳು ಕಂಡಿತು. ಅದರ ತುಂಬ ಬಿಳಿ ಹಕ್ಕಿಗಳು! ಒಂದೊಂದೂ ಮರಳಿನ ಪುಟ್ಟ ಗುಂಡಿಯಲ್ಲಿ ರೆಕ್ಕೆ ಹರಡಿ, ಎದೆಯಡಿ ಏನನ್ನೋ ಮುಚ್ಚಿಕೊಂಡು ಕೂತಿತ್ತು. ಒಂದು ಹಕ್ಕಿ ಚೂರು ಸರಿಯಿತು. ಕೆಳಗೆ ಮರಳಿನದೇ ಬಣ್ಣದ ಮೊಟ್ಟೆಗಳು.

"ಎಷ್ಟೋ ವರ್ಷದ ಮೇಲೆ ಈ ಮರಳಿಗೆ ವಾಪಸ್ ಬಂದಿವೆ," ಎಂದ ಅವನು. "ಬಾಯಿಂದ ಬಾಯಿಗೆ ಹೋದ್ರೆ ಜನ ಬರ್ತಾರೆ, ಕ್ಯಾಮೆರಾ ಬರುತ್ತೆ. ಹಕ್ಕಿ ಎದ್ದು ಹೋದ್ರೆ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗ್ತವೆ."

ಅವಳು ಹೆದರುತ್ತ ಚಿಕ್ಕಮ್ಮನ ಮುಖ ನೋಡಿದಳು. ಕೆನ್ನೆಯ ಮೇಲೆ ನೀರು. ತುಟಿಯಲ್ಲಿ ನಗು.

"ನೋಡೇ ಪುಟ್ಟಿ... ನಮ್ಮ ಹಾಸಿಗೇಲಿ ಬಾಣಂತಿಯರು ಮಲಗಿದ್ದಾರೆ!" ಚಿಕ್ಕಮ್ಮ ಆ ಮರಳಿಗೆ ಕೈ ಮುಗಿದಳು. "ನಿಮ್ಮ ಚಿಕ್ಕಪ್ಪ ಇದ್ದಿದ್ರೆ ಅವರೇ ಜಾಗ ಬಿಟ್ಕೊಡ್ತಿದ್ರು."

ಸಂಜೆ ಅವರು ತಂಗಿದ ದಡ ಮೆಲ್ಲನೆ ಇಳಿಜಾರಾಗಿತ್ತು. ಚಿಕ್ಕಮ್ಮ ಯಾರ ಕೈಯೂ ಹಿಡಿಯದೆ ದೋಣಿಯಿಂದ ಡೇರೆಯವರೆಗೆ ನಡೆದಳು. ಅವನು ಒಲೆ ಹೊತ್ತಿಸಿ, ತನ್ನ ಚೀಲದಿಂದ ಏನನ್ನೋ ನಾಚುತ್ತ ಹೊರತೆಗೆದ.

ಕಬ್ಬಿಣದ ಬಾಣಲೆ!

"ಬೇಡವೇ ಬೇಡ ಅಂದಿದ್ರಿ?"

"ಚಿಕ್ಕಮ್ಮನ್ನ ಕೇಳಿ ತಂದೆ. ನನ್ನ ಬಟ್ಟೆ ಕಡಿಮೆ ಮಾಡ್ದೆ, ತೂಕ ಸರಿಹೋಯ್ತು."

"ಬೇಡಪ್ಪ ಬಾಣಲೆ ಹೊತ್ಕೊಂಡು ಬಂದನಲ್ಲೇ!" ಚಿಕ್ಕಮ್ಮ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಮರಳಿಗೆ ಬೆನ್ನು ಹಚ್ಚಿ, ಆಕಾಶ ನೋಡುತ್ತ, ಚಿಕ್ಕಪ್ಪನ ಪದ್ಯವನ್ನು ಮೆಲುದನಿಯಲ್ಲಿ ಹೇಳತೊಡಗಿದಳು. ನದಿ ಅದಕ್ಕೆ ಶ್ರುತಿ ಹಿಡಿದಂತಿತ್ತು.

ಅವರಿಬ್ಬರು ನೀರಿನ ಅಂಚಿನಲ್ಲಿ ಪಾತ್ರೆ ತೊಳೆಯುತ್ತ ನಿಂತರು. ಅವಳೇ ಬಾಯಿ ತೆರೆದಳು.

"ತಗೊಂಡು ಹೋದದ್ದನ್ನೆಲ್ಲ ವಾಪಸ್ ತರಬೇಕು, ಅಲ್ವಾ?"

"ಹೌದು. ಬೂದಿ ಸಹ."

"ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದೋಳು ನಾನು." ಅವಳು ಪಾತ್ರೆ ಕೆಳಗಿಟ್ಟಳು. "ಹಾಗಾದ್ರೆ ನಮ್ಮನೆಗೂ ಕರ್ಕೊಂಡು ಹೋಗ್ಬೇಕಲ್ಲ... ಯಾವಾಗ್ಲೂ ಇರೋ ಹಾಗೆ..."

ಅವನು ಅವಳ ಒದ್ದೆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ. ಕಣ್ಣು ತುಂಬಿತ್ತು. ನಗುತ್ತಲೇ ಹೇಳಿದ.

"ನಿಯಮ ಅಂದ್ರೆ ನಿಯಮ."